ಮೊದಲು ಬಂದವರು ನಾವು, ಹಿಂದೆ ಬಂದವರನ್ನ ಯಾಕೆ ಮೊದಲು ನೋಡ್ತೀರಿ?

ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವರನ್ನು ಜನ ಮದುವೆ ಮನೆಯಲ್ಲೂ ಬಿಡದೆ ಕೇಳುವ ಪ್ರಶ್ನೆ ಇದು. "ಎಮರ್ಜೆನ್ಸಿ ಅಂತ ಓಡಿ ಬಂದ್ರೂ ಗಂಟೆಗಟ್ಟಲೆ ಕೂರಿಸ್ತೀರಲ್ಲ ಡಾಕ್ಟ್ರೇ?"

ತುರ್ತು ವಿಭಾಗದಲ್ಲಿ ಟೋಕನ್ ಲೆಕ್ಕ ನಡೆಯುವುದಿಲ್ಲ. ಬಂದ ಕೂಡಲೇ ಬಿ.ಪಿ., ನಾಡಿ, ಉಸಿರಿನ ವೇಗ, ಜ್ವರ ನೋಡುತ್ತಾರೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕುತ್ತಾರೆ, ಬೇಕಾದರೆ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಇದೇ ಟ್ರಯಾಜ್. ಇದರ ಮೇಲೆ ಕೆಂಪು, ಹಳದಿ, ಹಸಿರು ಅಂತ ವಿಂಗಡಣೆ ಆಗುತ್ತದೆ. ಉಸಿರಾಡಲು ಒದ್ದಾಡುವವರು, ಪ್ರಜ್ಞೆ ತಪ್ಪಿದವರು, ಬಿ.ಪಿ. ಕುಸಿದವರು ಕೆಂಪು, ನೇರ ಒಳಗೆ. ಮುರಿದ ಕೈ ಹಿಡಿದು ಕೂಗುತ್ತಿರುವ ಹುಡುಗ ಹಳದಿ. ಪಕ್ಕದಲ್ಲಿ ಮಾತಿಲ್ಲದೆ ಬೆವರುತ್ತಾ ಕೂತ ಸಕ್ಕರೆ ಕಾಯಿಲೆಯ ಅಜ್ಜ ಕೆಂಪು. ಕೂಗಾಟಕ್ಕೂ ಅಪಾಯಕ್ಕೂ ಅಂಥ ಸಂಬಂಧವೇನಿಲ್ಲ. ಆದರೆ ಬಣ್ಣ ಒಮ್ಮೆ ಕೊಟ್ಟರೆ ಮುಗಿಯಿತು ಅಂತಲ್ಲ. ಕಾಯುವಾಗ ನೋವು ಹೆಚ್ಚಿದರೆ, ವಾಂತಿಯಾದರೆ, ಮಂಪರು ಬಂದರೆ ನರ್ಸ್ ಹತ್ತಿರ ಹೋಗಿ ಹೇಳಿ, ಮತ್ತೆ ನೋಡುತ್ತಾರೆ.

ಎದೆನೋವಿಗೆ ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ಇಲ್ಲಿ ಎಡವಟ್ಟಾಗುವುದು ಕೌಂಟರಿನಲ್ಲೇ. ಮನೆಯವರು "ಗ್ಯಾಸ್ಟ್ರಿಕ್" ಅಂತ ಬರೆಸಿಬಿಡುತ್ತಾರೆ. ಎಲ್ಲಿ ಏನಾಗುತ್ತಿದೆಯೋ ಅಷ್ಟನ್ನೇ ಹೇಳಿ: ಎದೆ ಹಿಂಡಿದ ಹಾಗಿದೆ, ಎಡಗೈಗೆ, ದವಡೆಗೆ ಎಳೆಯುತ್ತಿದೆ, ಬೆವರುತ್ತಿದೆ. ಗ್ಯಾಸೋ ಹೃದಯವೋ ಅನ್ನುವುದನ್ನು ಇ.ಸಿ.ಜಿ. ನೋಡಿದ ಮೇಲೆ ತೀರ್ಮಾನಿಸೋಣ.

ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಸೋತು, ಮಾತು ತೊದಲಿದರೆ ಪಾರ್ಶ್ವವಾಯು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ 4.5 ಗಂಟೆಯ ಮಿತಿ. ಈ ಲೆಕ್ಕ ಶುರುವಾಗುವುದು ನೀವು ನೋಡಿದ ಹೊತ್ತಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಬೆಳಗ್ಗೆ 6ಕ್ಕೆ ಎಬ್ಬಿಸಲು ಹೋದಾಗ ಗೊತ್ತಾಯಿತು, ರಾತ್ರಿ 10ಕ್ಕೆ ಮಲಗುವಾಗ ಚೆನ್ನಾಗಿದ್ದರು ಅಂದರೆ ನಮಗೆ ಬೇಕಾದ ಸಮಯ 10. ಅದಕ್ಕೇ "ಕೊನೆಯ ಸಲ ಯಾವಾಗ ಚೆನ್ನಾಗಿದ್ದರು?" ಅನ್ನುವ ಒಂದೇ ಪ್ರಶ್ನೆಯನ್ನು ಮೂರು ಜನ ಕೇಳುವುದು.

ಇನ್ನು ಒಳಗೆ ಹಾಸಿಗೆ ಮೇಲೆ ಮಲಗಿಸಿ "ಏನೂ ಮಾಡ್ತಿಲ್ಲ" ಅನ್ನುವ ದೂರು. ಎಷ್ಟೋ ಸಲ ಆ ಕಾಯುವಿಕೆಯೇ ಪರೀಕ್ಷೆ. ಹಾವು ಕಚ್ಚಿದವರನ್ನೇ ತೆಗೆದುಕೊಳ್ಳಿ. 2 ಮಿ.ಲೀ. ರಕ್ತವನ್ನು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ, ಆಮೇಲೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ, ಸೋಪಿನಿಂದ ತೊಳೆದ ಟ್ಯೂಬ್ ಬಳಸಿದರೆ, ನಡುವೆ ಅಲುಗಿಸಿದರೆ ಫಲಿತಾಂಶ ತಪ್ಪುತ್ತದೆ. ಹೆಪ್ಪುಗಟ್ಟಿದರೂ ಮನೆಗೆ ಕಳಿಸುವುದಿಲ್ಲ, ಪರೀಕ್ಷೆ ಮರುಕಳಿಸುತ್ತಾ ಸುಮಾರು 24 ಗಂಟೆ ಇಟ್ಟುಕೊಳ್ಳುತ್ತಾರೆ. ಕಟ್ಟುಹಾವಿನ ವಿಷ ರಕ್ತಕ್ಕಲ್ಲ, ನರಕ್ಕೆ ಬಡಿಯುತ್ತದೆ. ಅಲ್ಲಿ ಟ್ಯೂಬಲ್ಲ, ಜೋತುಬೀಳುವ ರೆಪ್ಪೆ ನೋಡಬೇಕು. ವಿಷ ಏರಿದ್ದರೆ ಪ್ರತಿವಿಷ ಸಾಮಾನ್ಯವಾಗಿ 10 ವಯಲ್‌ನಿಂದ (ಔಷಧದ ಸಣ್ಣ ಬಾಟಲಿ) ಶುರು, ಮಗುವಿಗೂ ದೊಡ್ಡವರಷ್ಟೇ. ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲವಲ್ಲ.

ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆಯೂ ಹಾಗೆಯೇ. ನೋವು ಶುರುವಾದ ಕೂಡಲೇ ಬಂದವರಲ್ಲಿ ಮೊದಲ ವರದಿ ನಾರ್ಮಲ್ ಬರಬಹುದು, ಕೆಲವು ಗಂಟೆ ಬಿಟ್ಟು ಮತ್ತೆ ತೆಗೆಯುತ್ತಾರೆ. "ರಿಪೋರ್ಟ್ ನಾರ್ಮಲ್ ಬಂತಲ್ಲ" ಅಂತ ಹೊರಟುಬಿಡಬೇಡಿ.

ಒಂದೊಂದು ಸಲ ಎರಡು ಸಲ ರಕ್ತ ತೆಗೆಯುವುದು ನಮ್ಮ ಕಡೆಯ ತಪ್ಪಿನಿಂದಲೂ ಹೌದು. ರಕ್ತ ಹೆಪ್ಪುಗಟ್ಟುವ ಶಕ್ತಿ ನೋಡಲು ಬಳಸುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪು ತಡೆಯುವ ದ್ರವದ 1 ಪಾಲಿಗೆ ರಕ್ತ 9 ಪಾಲು ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಲ್ಯಾಬಿನವರು ವಾಪಸ್ ಕಳಿಸುತ್ತಾರೆ.

ಅಪಘಾತ, ಹೊಡೆದಾಟ, ವಿಷ ಸೇವನೆ ಆಗಿದ್ದರೆ ಎಂ.ಎಲ್.ಸಿ. (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಿಸಿದ ಪ್ರಕರಣ ಅಂತ ದಾಖಲು) ಮಾಡಿ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಪೊಲೀಸರು ಬರುವ ತನಕ ಚಿಕಿತ್ಸೆ ನಿಲ್ಲುವಂತಿಲ್ಲ, 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯುವಂತೆಯೂ ಇಲ್ಲ.

ತರಬೇಕಾದದ್ದು: ಮಾತ್ರೆಯ ಸ್ಟ್ರಿಪ್‌ಗಳು ("ಬಿಳಿ ಮಾತ್ರೆ, ರಾತ್ರಿ ಒಂದು" ಅಂದರೆ ಯಾರಿಗೂ ತಿಳಿಯದು), ಹಳೆಯ ಡಿಸ್ಚಾರ್ಜ್ ಕಾರ್ಡ್, ಆಧಾರ್ ಮತ್ತು ಬಿ.ಪಿ.ಎಲ್. ಕಾರ್ಡ್. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲ ಮಾತಿನಲ್ಲೇ ಹೇಳಿ. ಡಾಕ್ಟರು ಹೇಳುವವರೆಗೆ ಕಾಫಿ, ಎಳನೀರು ಏನೂ ಬೇಡ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು, ಪಾರ್ಶ್ವವಾಯು ಆದವರಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗಬಹುದು.

ಮನೆಗೆ ಕಳಿಸುವಾಗ ಕೇಳಲೇಬೇಕಾದ್ದು: ಏನಾದರೆ ಮತ್ತೆ ಬರಬೇಕು? ತಲೆಗೆ ಪೆಟ್ಟು ಬಿದ್ದವರಿಗೆ ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.