ಅಕ್ಕನ ದನಿ
ಕಲಬುರಗಿಯಲ್ಲಿ ಇಂದು ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಒಮ್ಮೆಲೇ ಕೈ ತಡೆದಳು. ರೇಡಿಯೊದಲ್ಲಿ ನಮ್ಮ ಓಣಿಯ ಅಕ್ಕನ ದನಿ! ಮನೆಯಲ್ಲಿ ಕಥೆ ಬರೆಯುತ್ತಾಳೆ, ಸರದಿ ಬಂದಾಗ ಉದ್ಘೋಷಕಿ, ಕರೆ ಬಂದರೆ ಡಬ್ಬಿಂಗ್‌ಗೆ ಬೆಂಗಳೂರಿನ ರೈಲು. ಅವಳ ಹಾಳೆಯನ್ನು ಒಮ್ಮೆ ನೋಡಿದ್ದೇನೆ: ಉಸಿರು ಎಳೆಯುವ ಕಡೆಯೆಲ್ಲ ಪೆನ್ಸಿಲ್ ಗೀರು, ಮಹಾಪ್ರಾಣಕ್ಕೆ ಸುತ್ತು. ಡಬ್ಬಿಂಗ್‌ನಲ್ಲಾದರೆ, ಪರದೆಯ ಮೇಲಿನ ಪಾತ್ರ ತುಟಿ ಮುಚ್ಚಿದಲ್ಲಿ ಪ, ಬ, ಮ ಕೂಡಬೇಕು. ಅದಕ್ಕಾಗಿ ಒಂದು ಮಾತಿಗೆ ನಾಲ್ಕು ಪದ ಹುಡುಕುತ್ತಾಳೆ. ಬರೆದು ಪಳಗಿದ ಕೈಗೇ ಅದು ಸಾಧ್ಯ ಎಂದು ನನ್ನ ನಂಬಿಕೆ. 2014ರ ನವೆಂಬರ್‌ನಲ್ಲಿ ಗುಲಬರ್ಗಾ ಕಲಬುರಗಿಯಾಯಿತಲ್ಲ, ಆ ಹೆಸರನ್ನು ಮೈಕಿನ ಮುಂದೆ ಮೊದಲ ಸಲ ನುಡಿದಾಗ ಅವಳ ಗಂಟಲು ತುಂಬಿತ್ತಂತೆ. ಹಂಚಿನ ಮೇಲಿನ ರೊಟ್ಟಿ ಸೀದಿತು. ಅವ್ವ ಇನ್ನೂ ಕೇಳುತ್ತಲೇ ಇದ್ದಳು.