ನಮ್ಮ ಯೂನಿವರ್ಸಿಟಿಗಳು ಸಂಶೋಧನೆ ಮಾರಿ ದುಡ್ಡು ಯಾಕೆ ಮಾಡಲ್ಲ?

ಕಲಬುರಗಿಯಲ್ಲಿ ಪಾಠ ಮಾಡುವ ನನಗೆ ವಿದ್ಯಾರ್ಥಿಗಳು, ಬೀಗರು, ಎಲ್ಲರೂ ಕೇಳುವ ಪ್ರಶ್ನೆ ಇದು. ಅಮೆರಿಕದಲ್ಲಿ ಒಂದೊಂದು ಪೇಟೆಂಟ್‌ಗೂ ಕೋಟಿಗಟ್ಟಲೆ ಬರುತ್ತಂತೆ, ನಮ್ಮವರಿಗೇನಾಗಿದೆ?

ನನ್ನ ಉತ್ತರ: ಅಲ್ಲಿ ಕೊಳ್ಳುವವರೇ ಬೇರೆ, ಇಲ್ಲಿ ಕೊಳ್ಳುವವರೇ ಬೇರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ತನ್ನ ಸಂಶೋಧನೆ ಬಳಸಲು ಕಂಪನಿಗಳಿಗೆ ಲೈಸೆನ್ಸ್ ಕೊಡೋಕೆ ಅಂತ 1970ರಲ್ಲೇ ಒಂದು ಆಫೀಸು ತೆರೆಯಿತು. 1980ರ ಬೇ-ಡೋಲ್ ಕಾಯ್ದೆ ಬಂದ ಮೇಲೆ ಸರ್ಕಾರದ ದುಡ್ಡಲ್ಲಿ ಮಾಡಿದ ಸಂಶೋಧನೆಯ ಹಕ್ಕನ್ನೂ ಅಮೆರಿಕದ ಯೂನಿವರ್ಸಿಟಿಗಳು ತಾವೇ ಇಟ್ಟುಕೊಳ್ಳಬಹುದಾಯಿತು. ಗೂಗಲ್ ಹುಡುಕಾಟದ ಮೂಲ ಪೇಟೆಂಟ್ ಸ್ಟ್ಯಾನ್‌ಫರ್ಡ್‌ದೇ ಆಗಿತ್ತು. ಲೈಸೆನ್ಸ್‌ಗೆ ಬದಲಾಗಿ ಬಂದ ಗೂಗಲ್ ಷೇರುಗಳನ್ನು ಮಾರಿ 2005ರ ಹೊತ್ತಿಗೆ ಅದು ಸುಮಾರು 33.6 ಕೋಟಿ ಡಾಲರ್ ಪಡೆಯಿತು. ಆದರೆ ಸುತ್ತ ಬಂಡವಾಳ ಹಾಕುವವರು ತುಂಬಿದ್ದ ಜಾಗ ಅದು. ಸ್ವೀಡನ್‌ನಲ್ಲಿ ಸಂಶೋಧನೆಯ ಹಕ್ಕು ಯೂನಿವರ್ಸಿಟಿಯದಲ್ಲ, ಪ್ರೊಫೆಸರ್‌ದು. ಜರ್ಮನಿಯಲ್ಲೂ 2002ರವರೆಗೆ ಹಾಗೇ ಇತ್ತು. ಭಾರತದಲ್ಲಿ ಬೇ-ಡೋಲ್ ಥರದ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆ ಆಗಲಿಲ್ಲ.

ಈಗ ನಮ್ಮ ತೊಗರಿ ಹೊಲಕ್ಕೆ ಬನ್ನಿ. ನೆಟೆ ರೋಗ ಬಂದರೆ ಹೂ, ಕಾಯಿ ಬಿಡುವ ಹೊತ್ತಿಗೆ ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗುತ್ತೆ, ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಈ ರೋಗ ತರುವ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ಔಷಧಿ ಹೊಡೆದು ಗೆಲ್ಲೋದು ಕಷ್ಟ, ತಡೆಯುವ ತಳಿಯೇ ಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811 ಥರದ ತಳಿಗಳನ್ನು ಕೊಟ್ಟಿದ್ದು ಇದಕ್ಕೇ. ಇದು ಸಣ್ಣ ಸಂಶೋಧನೆ ಅಲ್ಲ.

ಆದರೆ ಕೇಂದ್ರಕ್ಕೆ ಇದರಿಂದ ಎಷ್ಟು ಬರುತ್ತೆ? ಒಮ್ಮೆ ಬೀಜ ಒಯ್ದ ರೈತ ರಾಶಿಯಲ್ಲಿ ಒಳ್ಳೆಯ ಕಾಳು ಆರಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾನೆ, ಬೀಗರಿಗೂ ಕೊಡುತ್ತಾನೆ. ಅವನಿಗೆ ಆ ಹಕ್ಕಿದೆ: 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆ ಬೆಳೆದ ಬೀಜ ಉಳಿಸಲು, ಬಿತ್ತಲು, ಕೊಡಲು, ಬ್ರಾಂಡ್ ಹೆಸರಿಲ್ಲದೆ ಮಾರಲು ಕೂಡ ಬಿಡುತ್ತೆ. ಆ ಹಕ್ಕು ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅದರಿಂದ ಯೂನಿವರ್ಸಿಟಿ ಲೆಕ್ಕದಲ್ಲಿ ಲಾಭ ಕಾಣದಿದ್ದರೂ ಸರಿ.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕ ಶೇ 80ರಷ್ಟು ಇಳಿಯಿತು, ಒಳ್ಳೇದೇ. ಆದರೆ ಸಂಸ್ಥೆಯ ಮೌಲ್ಯಮಾಪನದ ಅಂಕಕ್ಕೆ ಅಂತ ಸುಮ್ನೆ ಪೇಟೆಂಟ್ ಅರ್ಜಿ ಹಾಕಿದರೆ ಏನು ಬಂತು? ಅದು ಯಾರಿಗೆ ಬೇಕು ಅಂತ ಮೊದಲು ಕೇಳಬೇಕಲ್ವಾ?

ನಮ್ಮಲ್ಲಿ ಕೊರತೆ ಇರೋದು ನಡುವಿನ ಕೊಂಡಿಯಲ್ಲಿ. ಸಂಶೋಧನಾ ಕೇಂದ್ರದಿಂದ ಬ್ರೀಡರ್ ಬೀಜ (ತಳಿ ರೂಪಿಸಿದವರ ಕೈಯಿಂದ ಬರುವ ಮೊದಲ ಬೀಜ), ಅದರಿಂದ ಮೂಲ ಬೀಜ, ಆಮೇಲೆ ಪ್ರಮಾಣಿತ ಬೀಜ, ಹೀಗೆ ಹಂತ ಹಂತವಾಗಿ ಹೆಚ್ಚಿಸಬೇಕು. ಈ ಕೆಲಸಕ್ಕೆ ಆಳಂದ, ಚಿತ್ತಾಪುರ, ಶಹಾಪುರ ಕಡೆಯ ರೈತ ಉತ್ಪಾದಕ ಕಂಪನಿಗಳಿಗೆ ಲೈಸೆನ್ಸ್ ಕೊಡಲಿ, ಶುಲ್ಕ ಕಡಿಮೆ ಇರಲಿ, ಮುಂಗಾರಿಗೆ ಮುಂಚೆ ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬರಲಿ. ದಾಲ್ ಮಿಲ್‌ನವರನ್ನೂ ಕರೆದು ಕೂರಿಸಲಿ, ಎಂಥ ಕಾಳು ಒಡೆದರೆ ಬೇಳೆ ಜಾಸ್ತಿ ಬರುತ್ತೆ ಅಂತ ಅವರಿಗೇ ಗೊತ್ತು.