ಕ್ರೇನಿನ ಕೆಳಗೆ ನಿಂತವರು

ಕಳೆದ ಶನಿವಾರ ನನ್ನ ಮಗಳು ಕೆಳಗಿನ ಮನೆ ಅಜ್ಜಿಯ ಮುಂದೆ ನನ್ನ ಮಾನ ಕಳೆದಳು. ಅಥವಾ ಉಳಿಸಿದಳೋ, ನನಗಿನ್ನೂ ಗೊತ್ತಾಗಿಲ್ಲ.

ನಾವಿರುವುದು ರಷ್ಯಾದ ಯೆಕತೆರಿನ್‌ಬುರ್ಗ್‌ನ ಉರಾಲ್‌ಮಾಶ್ ಬಡಾವಣೆಯಲ್ಲಿ. ಐದು ಅಂತಸ್ತಿನ ಹಳೇ ಕಟ್ಟಡ, ಲಿಫ್ಟ್ ಇಲ್ಲ. ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದವು ಅಂತ ಇಂಥ ಮನೆಗಳಿಗೆ 'ಕ್ರುಶ್ಚೋವ್ಕ' ಎಂದೇ ಹೆಸರು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಅಜ್ಜಿಗೆ 78 ವರ್ಷ. ಸ್ಕೂಲ್ ಬಿಟ್ಟ ಮೇಲೆ ನಾನು ಬರುವವರೆಗೆ ಮಗಳಿಗೆ ಅವರೇ ಗತಿ. ಸೂಪು, ಹೋಂವರ್ಕು, ಬೈಗುಳ ಎಲ್ಲ ಅಲ್ಲೇ.

ಅವತ್ತು ಅಜ್ಜಿ ಕಪಾಟಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮಗಳ ಕೈಗೆ ಕೊಟ್ಟರು. 'ತ್ರುದವಾಯ ಕ್ನೀಷ್ಕ', ದುಡಿಮೆಯ ಪುಸ್ತಕ. ಎಲ್ಲಿ ಸೇರಿದೆ, ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ, ಎಲ್ಲವನ್ನೂ ಇಂಕಿನಲ್ಲಿ ಬರೆದು ಸೀಲು ಒತ್ತಿರುತ್ತಾರೆ. 1939ರಿಂದ ಇಲ್ಲಿನ ದುಡಿಯುವವರ ಜಾತಕ ಅದೇ ಆಗಿತ್ತು; 2021ರಿಂದ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈ ಕಾಗದದ ಪುಸ್ತಕ ಇಲ್ಲ. ಅಜ್ಜಿಯ ಪುಸ್ತಕದಲ್ಲಿ ಒಂದೇ ಕಾರ್ಖಾನೆ. 1965ರಲ್ಲಿ ಸೇರಿದ್ದು, 1998ರಲ್ಲಿ ಬಿಟ್ಟಿದ್ದು. ಕೆಲಸ: ಕ್ರೇನ್ ಓಡಿಸುವುದು.

"ನಿನ್ನ ಅಜ್ಜ ಏನು ಮಾಡ್ತಿದ್ರು?" ಅಂತ ಕೇಳಿದರು.

"ಕಾರ್ಖಾನೇಲಿ ಆಫೀಸರ್ ಅಂತ ಅಮ್ಮ ಹೇಳ್ತಾಳೆ. ಆದ್ರೆ ಅಜ್ಜ ಫೋನಲ್ಲಿ ಖಲಾಸಿ ಅಂತಾರೆ. ಖಲಾಸಿ ಅಂದ್ರೆ ಆಫೀಸರ್ರಾ ಅಮ್ಮಾ?"

ನನ್ನ ಮುಖ ಒಲೆಯ ಮುಂದಿದ್ದ ಹಾಗೆ ಬಿಸಿಯಾಯಿತು.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಖಲಾಸಿ. ಭಾರದ ಸಾಮಾನಿಗೆ ಸರಪಣಿ ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ, ಮೇಲಿರುವ ಕ್ರೇನಿನವನಿಗೆ ಕೈಸನ್ನೆ ಮಾಡುವ ಕೆಲಸ. ನನಗೆ ಗಂಡು ನೋಡುವಾಗ ಚಿಕ್ಕಪ್ಪ ಅದನ್ನು 'ಸೂಪರ್‌ವೈಸರ್' ಮಾಡಿದರು. ನಾನು ಇನ್ನೊಂದು ಮೆಟ್ಟಿಲು ಹತ್ತಿಸಿದೆ, ಅಷ್ಟೇ. ನಮ್ಮಲ್ಲಿ ಕಾರ್ಮಿಕರಿಗೆ ಮೇ 1ರಂದು ಹಾರ ಹಾಕುತ್ತೇವೆ. ಮದುವೆ ಮಾತುಕತೆಗೆ ಕೂತಾಗ ಮಾತ್ರ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ, ಅಲ್ವಾ?

ನಿಜ ಹೇಳಿದೆ. ಅಜ್ಜಿ ಮೇಜು ಕುಟ್ಟಿ ನಕ್ಕರು. "ಹಾಗಾದ್ರೆ ನಿಮ್ಮಪ್ಪ ನನ್ನ ಕೆಳಗೆ ನಿಂತವರು!" ಆಮೇಲೆ ನಗು ನಿಲ್ಲಿಸಿ ಅಂದರು, "ಮೇಲೆ ಕೂತವಳಿಗೆ ಕೆಳಗಿನವನ ಕೈಯೇ ಕಣ್ಣು. ಅವನು ಕುಡಿದು ಬಂದಿದ್ದರೆ ನಾನು ಕೊಕ್ಕೆ ಇಳಿಸ್ತಾನೇ ಇರಲಿಲ್ಲ."

ಅವರಿಗೆ ಗೊತ್ತಿರುವ ನಮ್ಮ ದೇಶದ ಊರುಗಳು ಭಿಲಾಯಿ ಮತ್ತು ಬೊಕಾರೊ. ಇಲ್ಲಿಂದ ಭಾರೀ ಯಂತ್ರಗಳು ಅಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗಿದ್ದವು. ಭಿಲಾಯಿಯ ಮೊದಲ ಊದುಕುಲುಮೆ ಉರಿದದ್ದು 1959ರಲ್ಲಿ. ನಾನು ಬಿಡುತ್ತೇನೆಯೇ? ನಮ್ಮ ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಬಂತು, ನಿಮ್ಮ ಉರಾಲ್‌ಮಾಶ್ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ, ನಾವು ಹತ್ತು ವರ್ಷ ದೊಡ್ಡವರು ಅಂದೆ. ಐದು ನಿಮಿಷದ ಹಿಂದೆ ಅಪ್ಪನನ್ನು ಬಚ್ಚಿಟ್ಟವಳ ಜಂಬ ನೋಡಿ!

ಅಜ್ಜಿ ಪುಸ್ತಕದಲ್ಲಿ ಬರೆಯದ ಕಥೆಗಳನ್ನೂ ಬಿಚ್ಚಿದರು. ಅವರ ತಾತ, ಅಜ್ಜಿ ಹಳ್ಳಿ ಬಿಟ್ಟು ಈ ಕಾರ್ಖಾನೆ ಕಟ್ಟಲು ಬಂದವರು. 1929ರಲ್ಲಿ ಸ್ಟಾಲಿನ್ ಸರ್ಕಾರ ಭಾನುವಾರವನ್ನೇ ತೆಗೆದುಹಾಕಿತು. ಯಂತ್ರ ಒಂದು ದಿನವೂ ನಿಲ್ಲಬಾರದು ಅಂತ ಐದು ದಿನದ ವಾರ ಮಾಡಿ, ಕೆಲಸಗಾರರನ್ನು ಐದು ಬಣ್ಣದ ಗುಂಪುಗಳಾಗಿ ಹಂಚಿದರು. ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ. ತಾತನದು ಒಂದು ಬಣ್ಣ, ತಾತನ ಹೆಂಡತಿಯದು ಇನ್ನೊಂದು. ಒಟ್ಟಿಗೆ ಕೂತು ಊಟ ಮಾಡಬೇಕಾದರೆ ಒಬ್ಬರಿಗೆ ಜ್ವರ ಬರಬೇಕಿತ್ತಂತೆ. ಆ ಬಣ್ಣದಾಟ ಬೇಗ ಮುಗಿಯಿತು, ಭಾನುವಾರ ಮಾತ್ರ ವಾಪಸ್ ಬಂದದ್ದು 1940ರಲ್ಲಿ. ಬರುವಾಗ ಜೊತೆಗೊಂದು ಕಾನೂನೂ ಬಂತು. 20 ನಿಮಿಷಕ್ಕಿಂತ ಜಾಸ್ತಿ ತಡವಾದರೆ ಕೋರ್ಟು, ಆರು ತಿಂಗಳವರೆಗೆ ಸಂಬಳದಲ್ಲಿ ಕಾಲು ಭಾಗದವರೆಗೂ ಕಡಿತ. ಅಜ್ಜಿಯ ಅಮ್ಮ 1946ರ ಚಳಿಗಾಲದಲ್ಲಿ ಟ್ರಾಮ್ ಹಿಮದಲ್ಲಿ ಸಿಕ್ಕಿಕೊಂಡಿದ್ದಕ್ಕೆ ಆ ಶಿಕ್ಷೆ ಉಂಡವರು. ಯುದ್ಧದ ವರ್ಷಗಳಲ್ಲಿ, ಹದಿನಾಲ್ಕರ ಹುಡುಗಿ, ಮರದ ಪೆಟ್ಟಿಗೆಯ ಮೇಲೆ ನಿಂತು ಲೇತ್ ಓಡಿಸಿದವರು.

ಇದೆಲ್ಲ ಕೇಳುವಾಗ ನನಗೆ ನಮ್ಮೂರ ಸೈರನ್ ನೆನಪಾಗುತ್ತಿತ್ತು. ಅದು ಕೂಗಿದರೆ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. ಮನೆಯಲ್ಲಿ ಗಡಿಯಾರ ಇತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪ ಬಂದು ಬಚ್ಚಲಲ್ಲಿ ಕೈ ಉಜ್ಜುತ್ತಿದ್ದರು, ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸ್ ಹೋಗುತ್ತಿರಲಿಲ್ಲ. "ನಿನ್ನ ಕೈಗೆ ಈ ಮಸಿ ಹತ್ತಬಾರದು" ಅನ್ನುತ್ತಿದ್ದರು. ಹತ್ತಲಿಲ್ಲ.

ಇಲ್ಲಿ ಹಾಗಲ್ಲ, ಇಲ್ಲಿ ದುಡಿಮೆಗೆ ಮರ್ಯಾದೆ ಇದೆ ಅಂತ ಬರೆದು ಮುಗಿಸಬಹುದಿತ್ತು. ನಾನೂ ಅಜ್ಜಿಗೆ ಹಾಗೇ ಹೇಳಿದೆ. ಅವರು ಪುಸ್ತಕ ಕಿತ್ತುಕೊಂಡು ಕಪಾಟಿಗೆ ಇಟ್ಟರು.

"ನನ್ನ ಮಗನಿಗೆ ಆ ಗೇಟು ತುಳೀಬೇಡ ಅಂತ ನಾನೇ ಹೇಳಿದೆ. ತೊಂಬತ್ತರ ದಶಕ ನೀನು ನೋಡಿಲ್ಲ."

ಆಗ ದೇಶದ ತುಂಬ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. ಎಷ್ಟೋ ಕಡೆ ಸಂಬಳದ ಬದಲು ತಾವೇ ತಯಾರಿಸಿದ ಸಾಮಾನು ಕೈಗಿಟ್ಟು ಕಳಿಸಿದರು. 1998ರಲ್ಲಿ ಗಣಿ ಕಾರ್ಮಿಕರು ಮಾಸ್ಕೋಗೆ ಹೋಗಿ, ಸರ್ಕಾರದ ಕಟ್ಟಡದ ಮುಂದೆ ಹೆಲ್ಮೆಟ್‌ಗಳನ್ನು ನೆಲಕ್ಕೆ ಬಡಿಯುತ್ತ ಕೂತರು. ಅಜ್ಜಿಯ ಮನೆ ನಡೆದದ್ದು ಡಾಚಾದ ಆಲೂಗಡ್ಡೆಯಿಂದ. ಸೋವಿಯತ್ ಕಾಲದಲ್ಲಿ ಕೆಲಸಗಾರರಿಗೆ ಊರಾಚೆ ಕೊಡುತ್ತಿದ್ದ ಆರು 'ಸೋತ್ಕ' ಜಾಗ ಅದು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಗುಂಟೆ. ಈಗಲೂ ಬೇಸಿಗೆಯಲ್ಲಿ ಅಲ್ಲೇ ಬಗ್ಗಿಕೊಂಡಿರುತ್ತಾರೆ. ನಾವು ಬರಿಗೈಲಿ ಹೋದರೂ ಚೀಲ ತುಂಬಿಸದೆ ಕಳಿಸುವುದಿಲ್ಲ.

ಮಗಳಿಗೆ ಈ ಮಾತೆಲ್ಲ ಬೇಕಿರಲಿಲ್ಲ. ಅವಳು ನನ್ನ ಫೋನ್ ತಗೊಂಡು ಅಜ್ಜನಿಗೆ ವಿಡಿಯೋ ಕಾಲ್ ಮಾಡಿಬಿಟ್ಟಿದ್ದಳು. ಭದ್ರಾವತಿಗೂ ಇಲ್ಲಿಗೂ ಅರ್ಧ ಗಂಟೆಯಷ್ಟೇ ವ್ಯತ್ಯಾಸ, ಅಪ್ಪ ಆಗ ತಾನೇ ಸಂಜೆಯ ಕಾಫಿ ಕುಡಿದು ಕೂತಿದ್ದರು. "ಅಜ್ಜಾ, ಇವರು ಕ್ರೇನ್ ಓಡಿಸ್ತಿದ್ರಂತೆ!"

ಅಪ್ಪನಿಗೆ ರಷ್ಯನ್ ಬಾರದು, ಅಜ್ಜಿಗೆ ಕನ್ನಡ ಬಾರದು. ಅಪ್ಪ ಸುಮ್ನೆ ತೋರುಬೆರಳು ಮೇಲೆತ್ತಿ ಸುತ್ತಿಸಿದರು. "ಹಾಪೀಸ್!"

"ವೀರಾ!" ಅಂದರು ಅಜ್ಜಿ, ತಕ್ಷಣ. ಎತ್ತು ಅಂತ.

ಅಪ್ಪ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದರು. "ಆರಿಯಾ... ಆರಿಯಾ..."

"ಮಾಯ್ನಾ." ಅಜ್ಜಿಯ ದನಿ ಇಳಿಯಿತು. ಅವರ ಬಲಗೈ ಮೇಜಿನ ಮೇಲೆ, ಇಲ್ಲದ ಹಿಡಿಯೊಂದನ್ನು ಹಿಡಿದು, ನಿಧಾನವಾಗಿ ಹಿಂದಕ್ಕೆ ಸರಿಯಿತು. ಅಪ್ಪ ಮುಷ್ಟಿ ಬಿಗಿದರು. ಕೈ ಅಲ್ಲೇ ನಿಂತಿತು.

"ಪರವಾಗಿಲ್ಲ ಕಣಮ್ಮ, ಅಲುಗಾಡದ ಹಾಗೆ ಇಳಿಸಿದ್ರು" ಅಂದರು ಅಪ್ಪ ನನಗೆ.